ಪೋಸ್ಟರ್‌ನಲ್ಲಿ ಹಸಿರು, ನೇರಳೆ, ಕಪ್ಪು ಒಟ್ಟಿಗೆ ಹೊಂದುತ್ತವೆಯೇ?

ಚೆನ್ನಾಗಿಯೇ ಹೊಂದುತ್ತವೆ. ಬದನೆಕಾಯಿಯನ್ನೇ ನೋಡಿ: ಕಪ್ಪಿಗೆ ತಿರುಗಿದ ನೇರಳೆ ಮೈ, ಮೇಲೆ ಪುಟ್ಟ ಹಸಿರು ತೊಟ್ಟು. ಅಳತೆಯೂ ಅಲ್ಲೇ ಇದೆ. ಕಪ್ಪು 60, ನೇರಳೆ 30 ಪಾಲಿದ್ದರೆ ಹಸಿರು 10 ಸಾಕು.

ಕೆಡುವುದು ಹೆಚ್ಚಾಗಿ ಅಕ್ಷರಗಳಲ್ಲಿ. ಕಪ್ಪಿನ ಮೇಲೆ ಗಾಢ ನೇರಳೆಯಲ್ಲಿ (0–255 ಅಳತೆಯಲ್ಲಿ ಕೆಂಪು 75, ಹಸಿರು 0, ನೀಲಿ 130) ಬರೆದರೆ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ) ಬರೀ 1.6:1, ಸಲೀಸಾಗಿ ಓದಲು 4.5:1 ಆದರೂ ಬೇಕು. ಅದೇ ನೇರಳೆ ಪಟ್ಟಿಯ ಮೇಲೆ ತಿಳಿ ಹಸಿರು (170, 220, 120) ಹಾಕಿದರೆ ಸುಮಾರು 8:1 ಸಿಗುತ್ತದೆ, ಒತ್ತಕ್ಷರವೂ ಸ್ಪಷ್ಟ. ಹಸಿರು, ನೇರಳೆ ಎರಡೂ ಒಂದೇ ಹೊಳಪಿನವಾದರೆ ಅಂಚು ಅದುರಿದಂತೆ ಕಾಣುತ್ತದೆ. ನಡುವೆ ತೆಳು ಕಪ್ಪು ಗೆರೆ ಎಳೆಯಿರಿ.

ಮುದ್ರಣಕ್ಕಾದರೆ ನೇರಳೆಯಲ್ಲಿ ಸಯಾನ್ (ಹಸಿರು ಛಾಯೆಯ ನೀಲಿ ಶಾಯಿ) ಪ್ರಮಾಣ ಮೆಜೆಂಟಾಗಿಂತ (ನೇರಳೆ ಛಾಯೆಯ ಕೆಂಪು ಶಾಯಿ) ಶೇಕಡಾ 30 ಅಂಶವಾದರೂ ಕಡಿಮೆಯಿರಲಿ, ಇಲ್ಲದಿದ್ದರೆ ನೇರಳೆ ನೀಲಿಗೆ ತಿರುಗುತ್ತದೆ.