ಫೆರೆಟ್‌ಗೆ ಎಂಥ ಪಂಜರ?

ಪ್ರಶ್ನೆ: ಮಗಳು ಹಟ ಹಿಡಿದು ಫೆರೆಟ್ (ಮುಂಗುಸಿಯ ಹಾಗೆ ಉದ್ದ ಮೈಯ ಸಣ್ಣ ಸಾಕುಪ್ರಾಣಿ) ತಂದಿದ್ದಾಳೆ. ಅಂಗಡಿಯವರು ಗಿಣಿ ಪಂಜರ ಸಾಕು ಅಂದರು. ನಮ್ಮದು ಸಣ್ಣ ಫ್ಲ್ಯಾಟ್. ಬಾಲ್ಕನಿಯಲ್ಲಿ ಇಡಬಹುದಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬಾಲ್ಕನಿ ಬೇಡವೇ ಬೇಡ. ಫೆರೆಟ್‌ಗೆ ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. 30 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ಮೇ ತಿಂಗಳ ಡೊಂಬಿವಲಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ಎಸಿ ಇರುವ ಕೋಣೆಯಲ್ಲೇ ಇಡಿ. ಕರೆಂಟ್ ಬಿಲ್ ಜಾಸ್ತಿ ಬರುತ್ತದೆ, ಮಗಳಿಗೆ ಈಗಲೇ ಹೇಳಿಬಿಡಿ!

ಗಿಣಿ ಪಂಜರ ವಾಪಸ್ ಕೊಡಿ. ಮೂರಡಿ ಉದ್ದ, ಎರಡಡಿ ಅಗಲದ ಎರಡಂತಸ್ತಿನ ಪಂಜರ ನೋಡಿ. ಸರಳುಗಳ ನಡುವೆ ಒಂದಿಂಚಿಗಿಂತ ಕಡಿಮೆ ಜಾಗವಿರಲಿ, ತಲೆ ತೂರಿದರೆ ಮೈಯೂ ತೂರುತ್ತದೆ. ಮರಿಯಾದರೆ ಇನ್ನೂ ಕಿರಿದಾಗಿರಬೇಕು. ತಂತಿಯ ತಳ ಪಾದಕ್ಕೆ ನೋವು ಮಾಡುತ್ತದೆ, ಗಟ್ಟಿ ತಳದ ಮೇಲೆ ಹಳೆ ಬೆಡ್‌ಶೀಟ್ ಹಾಸಿ. ಗಾಜಿನ ಅಕ್ವೇರಿಯಂನಲ್ಲಿ ಗಾಳಿಯಾಡುವುದಿಲ್ಲ, ಅದೂ ಬೇಡ. ಒಂದು ಮೂಲೆಯಲ್ಲಿ ಮಲದ ಟ್ರೇ, ಮೇಲೊಂದು ಬಟ್ಟೆಯ ಜೋಲಿ. ದಿನದ ಬಹುಪಾಲು ಅದು ಸುಮ್ನೆ ನಿದ್ದೆ ಮಾಡುತ್ತದೆ. ಆದರೂ ದಿನಕ್ಕೆ ಮೂರು ನಾಲ್ಕು ಗಂಟೆ ಹೊರಗೆ ಬಿಡಲೇಬೇಕು. ಅದಕ್ಕೂ ಮೊದಲು ಬಚ್ಚಲಿನ ತೂತು, ಫ್ರಿಜ್ ಹಿಂದಿನ ಸಂದು ಮುಚ್ಚಿ.