ಮ್ಯಾಕ್ರೋ ತನ್ನನ್ನೇ ಕರೆದರೆ ಯಾಕೆ ಬಿಚ್ಚಿಕೊಳ್ಳಲ್ಲ?

ಒಂದೇ ಕೋಡನ್ನು ಹಲವು ಸಲ ಬರೆಸೋಕೆ ಸಿ ಭಾಷೆಯಲ್ಲಿ ರಿಪೀಟ್(ಎನ್) ಮ್ಯಾಕ್ರೋ (ಕೋಡಿನಲ್ಲಿ ಬಂದ ಕಡೆ ಬಿಚ್ಚಿ, ತಾನು ಸೂಚಿಸೋ ಪಠ್ಯವನ್ನು ತುಂಬೋ ಹೆಸರು) ಒಳಗೇ ರಿಪೀಟ್(ಎನ್-1) ಬರೆದಿದ್ದೀರಿ, ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸೋ ಪ್ರೋಗ್ರಾಂ) 'ಅನ್‌ಡಿಫೈನ್ಡ್ ರೆಫರೆನ್ಸ್' ಅಂತಿದೆ ಅಂದಿರಿ. ತಪ್ಪು ಲಿಂಕರ್‌ದಲ್ಲ. ಒಂದು ಮ್ಯಾಕ್ರೋ ಬಿಚ್ಚುತ್ತಿರುವಾಗ ಅದೇ ಹೆಸರು ಮತ್ತೆ ಎದುರಾದರೆ ಪ್ರಿಪ್ರೊಸೆಸರ್ (ಕಂಪೈಲ್ ಆಗೋ ಮೊದಲು ಮ್ಯಾಕ್ರೋ ಬಿಚ್ಚೋ ಭಾಗ) ಅದನ್ನು ಮುಟ್ಟಲ್ಲ; ಆ ಟೋಕನ್, ಅಂದರೆ ಕೋಡಿನ ಆ ಪದ, ಮುಂದೆಯೂ ಬಿಚ್ಚಿಕೊಳ್ಳದಂತೆ ಗುರುತು ಹಾಕಿಬಿಡುತ್ತೆ. ಹಳಬರು ಇದನ್ನು ನೀಲಿ ಬಣ್ಣ ಬಳಿಯೋದು ಅಂತಾರೆ. ಸಿ ಭಾಷೆಯ 1989ರ ಸ್ಟ್ಯಾಂಡರ್ಡ್‌ನಿಂದಲೂ ನಿಯಮ ಇದೇ. ಹಾಗೇ ಉಳಿದ ಹೆಸರನ್ನು ಕಂಪೈಲರ್ ಯಾವುದೋ ಫಂಕ್ಷನ್ ಅಂದುಕೊಂಡಿದೆ; ಅಂಥ ಫಂಕ್ಷನ್ ಎಲ್ಲೂ ಸಿಗದೆ ಲಿಂಕರ್ ದೂರುತ್ತಿದೆ, ಅಷ್ಟೇ.

ಜಿಸಿಸಿ ಕಂಪೈಲರಿಗೆ ಡ್ಯಾಶ್ ಕ್ಯಾಪಿಟಲ್ ಇ (-E) ಕೊಟ್ಟು, ಮ್ಯಾಕ್ರೋ ಬಿಚ್ಚಿದ ಮೇಲಿನ ಔಟ್‌ಪುಟ್ ನೋಡಿ. ಇನ್ನೊಂದು ಎಡವಟ್ಟೂ ಕಣ್ಣಿಗೆ ಬೀಳುತ್ತೆ: ರಿಪೀಟ್(5) ಒಳಗೆ ಸಿಗೋದು 4 ಅಲ್ಲ, '5-1' ಅನ್ನೋ ಬರೀ ಅಕ್ಷರ. ಇಲ್ಲಿ ಕಳೆಯೋ ಲೆಕ್ಕ ಯಾರೂ ಮಾಡಲ್ಲ. ಪ್ರಿಪ್ರೊಸೆಸರ್ ಲೆಕ್ಕ ಮಾಡೋದು #ಇಫ್, #ಎಲಿಫ್ ಅನ್ನೋ ಷರತ್ತಿನ ಸಾಲುಗಳಲ್ಲಿ ಮಾತ್ರ.

ಆ ಕೋಡ್ ನಿಮಗೆ ಬೇಕಿರೋದು 8 ಸಲ ತಾನೇ? ರಿಪೀಟ್_1ರಿಂದ ರಿಪೀಟ್_8ರವರೆಗೆ ಕೈಯಲ್ಲೇ ಬರೆಯಿರಿ, ಪ್ರತಿಯೊಂದೂ ಹಿಂದಿನದನ್ನು ಕರೆಯಲಿ, ಸಂಖ್ಯೆಯನ್ನು ## ಅನ್ನೋ ಡಬಲ್ ಹ್ಯಾಶ್‌ನಿಂದ ಹೆಸರಿಗೆ ಅಂಟಿಸಿ. ಆ ಸಂಖ್ಯೆಯೇ ಇನ್ನೊಂದು ಮ್ಯಾಕ್ರೋ ಆಗಿದ್ದರೆ ನೇರವಾಗಿ ಅಂಟಿಸಬೇಡಿ, ನಡುವೆ ಒಂದು ಸಹಾಯಕ ಮ್ಯಾಕ್ರೋ ಬೇಕು. ಇಲ್ಲದಿದ್ದರೆ ಬಿಚ್ಚಿಕೊಳ್ಳದ ಹೆಸರೇ ಅಂಟಿಕೊಳ್ಳುತ್ತೆ. ಡಿಫರ್, ಇವಾಲ್ ಅನ್ನೋ ಸಹಾಯಕ ಮ್ಯಾಕ್ರೋಗಳಿಂದ ಈ ನಿಯಮವನ್ನು ಸುತ್ತಿಬಳಸೋ ಕಸರತ್ತೂ ಇದೆ. ಆದರೆ ಒಂದು ಕಾಮಾ ತಪ್ಪಿದರೆ ಬರೋ ಎರರ್ ಓದೋಕೆ ಒಂದು ಲೋಟ ಕಾಫಿ ಸಾಲಲ್ಲ.