ಯೀಸ್ಟ್ ಕೋಶವು ಕಬ್ಬಿಣವನ್ನು ಹೇಗೆ ಒಳಗೆ ತೆಗೆದುಕೊಳ್ಳುತ್ತದೆ, ಎಲ್ಲಿ ಕೂಡಿಡುತ್ತದೆ?

ದ್ರಾವಣದಲ್ಲಿರುವ ಕಬ್ಬಿಣವು ಯೀಸ್ಟ್ ಕೋಶದೊಳಕ್ಕೆ ತಾನಾಗಿಯೇ ಇಳಿಯುತ್ತದೆಯೇ, ಇಳಿದ ಮೇಲೆ ಎಲ್ಲಿರುತ್ತದೆ ಎಂದು ತಾವು ಕೇಳಿದ್ದೀರಿ. ತಾನಾಗಿ ಇಳಿಯುವುದಿಲ್ಲ. ಬ್ರೆಡ್ಡಿಗೆ ಬಳಸುವ ಸ್ಯಾಕರೊಮೈಸಿಸ್ ಸೆರಿವಿಸಿಯೆಯನ್ನು ಕೆಲವು ವರ್ಷ ಪ್ರಯೋಗಾಲಯದಲ್ಲಿ ಬೆಳೆಸಿದವನಾದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

ಗಾಳಿಯಾಡುವ ಕಡೆ ಕಬ್ಬಿಣವು ಹೆಚ್ಚಾಗಿ ಸುಲಭಕ್ಕೆ ಕರಗದ ಫೆರಿಕ್ ರೂಪದಲ್ಲಿರುತ್ತದೆ. ಕೋಶಪೊರೆಯಲ್ಲಿರುವ ಫ್ರೆ1 ಮುಂತಾದ ಕಿಣ್ವಗಳು ಅದಕ್ಕೆ ಒಂದು ಎಲೆಕ್ಟ್ರಾನು ಕೊಟ್ಟು ಫೆರಸ್ ರೂಪಕ್ಕೆ ಇಳಿಸುತ್ತವೆ. ಇದನ್ನು ಕಣ್ಣಾರೆ ಕಾಣಬಹುದು: ಫೆರಸ್ ಕಬ್ಬಿಣವನ್ನು ಹಿಡಿದು ಕೆಂಪಾಗುವ ಬ್ಯಾಥೊಫೆನಾಂತ್ರೊಲಿನ್ ಎಂಬ ರಾಸಾಯನಿಕವನ್ನು ಫೆರಿಕ್ ಲವಣದೊಂದಿಗೆ ಬೆರೆಸಿದರೆ, ಕಬ್ಬಿಣವಿಲ್ಲದೆ ಹಸಿದ ಕೋಶಗಳಿರುವ ನಳಿಕೆ ಬೇಗ ಕೆಂಪೇರುತ್ತದೆ, ಹೊಟ್ಟೆ ತುಂಬಿದ ಕೋಶಗಳದ್ದು ಬಹಳ ಹೊತ್ತು ಪೇಲವವಾಗಿಯೇ ಉಳಿಯುತ್ತದೆ.

ವಿಚಿತ್ರವೆಂದರೆ, ಹೀಗೆ ಇಳಿಸಿದ ಕಬ್ಬಿಣವನ್ನು ಫೆಟ್3 ಎಂಬ ಇನ್ನೊಂದು ಕಿಣ್ವವು ಆಮ್ಲಜನಕದ ನೆರವಿನಿಂದ ಮತ್ತೆ ಫೆರಿಕ್ ಮಾಡಿ, ಪಕ್ಕದಲ್ಲೇ ಜೊತೆಗೂಡಿರುವ ಎಫ್‌ಟಿಆರ್1 ಎಂಬ ದ್ವಾರಕ್ಕೆ ದಾಟಿಸುತ್ತದೆ. ಮಾಡಿದ್ದನ್ನು ಅಳಿಸಿ ಮತ್ತೆ ಮಾಡುವ ಈ ಕೆಲಸ ವ್ಯರ್ಥವೆನಿಸಬಹುದು. ಆದರೆ ಮ್ಯಾಂಗನೀಸ್, ಸತುಗಳಂಥವು ಕಬ್ಬಿಣದ ಬೆನ್ನಿಗೆ ಅಂಟಿಕೊಂಡು ಒಳನುಗ್ಗದಂತೆ ತಡೆಯುವ ಶೋಧನೆ ಇದೆಂಬುದು ನನಗೆ ಒಪ್ಪಿತವಾದ ವಿವರಣೆ. ಫೆಟ್3 ಕೆಲಸ ಮಾಡಲು ತಾಮ್ರದ 4 ಪರಮಾಣುಗಳು ಬೇಕು. ಆದ್ದರಿಂದ ತಾಮ್ರವನ್ನು ಕಸಿದುಕೊಂಡರೆ, ಸುತ್ತ ಕಬ್ಬಿಣವಿದ್ದೂ ಯೀಸ್ಟ್ ಕಬ್ಬಿಣದ ಕೊರತೆಗೆ ಸಿಲುಕುತ್ತದೆ. ಆಮ್ಲಜನಕವಿಲ್ಲದಾಗ ಫೆಟ್4 ಎಂಬ, ಅಷ್ಟೇನೂ ಆಯ್ಕೆ ಮಾಡದ ದಾರಿಯೊಂದಿದೆ.

ಒಳಬಂದ ಮೇಲೆ ಮತ್ತೆ ಫೆರಸ್ ರೂಪಕ್ಕೆ ಇಳಿದ ಕಬ್ಬಿಣ ಕೋಶದ್ರವ್ಯದಲ್ಲಿ ಹೆಚ್ಚಾಗಿ ಉಳಿದರೆ ಹೈಡ್ರೊಜನ್ ಪೆರಾಕ್ಸೈಡಿನೊಂದಿಗೆ ವರ್ತಿಸಿ, ಡಿಎನ್‌ಎಯನ್ನೂ ಪೊರೆಗಳನ್ನೂ ಕೆಡಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ನಮ್ಮ ದೇಹದಲ್ಲಿ ಕಬ್ಬಿಣವನ್ನು ಫೆರಿಟಿನ್ ಎಂಬ ಪ್ರೋಟೀನು ಹಿಡಿದಿಡುತ್ತದೆ. ಯೀಸ್ಟಿಗೆ ಫೆರಿಟಿನ್ ಇಲ್ಲ. ಅದರ ಉಗ್ರಾಣ ರಸದಾನಿ, ಅಂದರೆ ಕೋಶದೊಳಗಿನ ದ್ರವ ತುಂಬಿದ ಚೀಲ (ವ್ಯಾಕ್ಯೂಲ್). ಸಿಸಿಸಿ1 ಎಂಬ ಪ್ರೋಟೀನು ಕಬ್ಬಿಣವನ್ನು ಅಲ್ಲಿಗೆ ಸಾಗಿಸುತ್ತದೆ, ಅಲ್ಲಿನ ಪಾಲಿಫಾಸ್ಫೇಟ್ ಸರಪಳಿಗಳು ಅದನ್ನು ಹಿಡಿದುಕೊಳ್ಳುತ್ತವೆ, ಬರಗಾಲದಲ್ಲಿ ಎಸ್‌ಎಂಎಫ್3 ಮುಂತಾದವು ಹೊರತೆಗೆಯುತ್ತವೆ. ಸಿಸಿಸಿ1 ಜೀನನ್ನು ತೆಗೆದುಹಾಕಿದ ತಳಿಯು ಕಬ್ಬಿಣ ಹೆಚ್ಚಿರುವ ಮಾಧ್ಯಮದಲ್ಲಿ ಬದುಕಲಾರದು.

ಸತುವಿನ ದಾಸ್ತಾನೂ ರಸದಾನಿಯಲ್ಲೇ. ತಾಮ್ರವನ್ನು ಮಾತ್ರ ಕೋಶದ್ರವ್ಯದಲ್ಲೇ ಕಪ್1 ಎಂಬ, ಗಂಧಕ ಹೆಚ್ಚಿರುವ ಪುಟ್ಟ ಪ್ರೋಟೀನು ಬಿಗಿಯಾಗಿ ಕಟ್ಟಿಹಾಕುತ್ತದೆ.

ತಾವೇ ಅಳೆಯುವ ಉದ್ದೇಶವಿದ್ದರೆ ಒಂದು ಎಚ್ಚರಿಕೆ: ಲೋಹವು ಕೋಶಭಿತ್ತಿಯ ಹೊರಮೈಗೂ ಅಂಟುತ್ತದೆ, ಸತ್ತ ಕೋಶಗಳಿಗೂ ಅಂಟುತ್ತದೆ. ಲೋಹವನ್ನು ಹಿಡಿದು ಬಿಡಿಸುವ ಇಡಿಟಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ ತೊಳೆಯದೆ ಅಳೆದಿದ್ದರಿಂದ ನನ್ನ ಮೊದಲ ತಿಂಗಳ ಲೆಕ್ಕಗಳೆಲ್ಲ ಕಸದ ಬುಟ್ಟಿ ಸೇರಿದವು.